ಜಾಮರ್ ಇರುವ ಜಾಗ ತೋರಿಸಿದರೂ ಬಂದು ನೋಡುವವರಿಲ್ಲ

ಜಿಪಿಎಸ್ ಸಂಕೇತವನ್ನು ಗದ್ದಲದಲ್ಲಿ ಮುಳುಗಿಸುವ ಜಾಮರ್ ಎಂಬ ಉಪಕರಣವನ್ನು ನಮ್ಮ ಬಡಾವಣೆಯ ಬಳಿ ಯಾರೋ ಪ್ರತಿ ರಾತ್ರಿ ಹಚ್ಚುತ್ತಿದ್ದಾರೆ ಎಂದು ನಾನು ಕೊಟ್ಟ ದೂರನ್ನು ಈ ವಾರ ಮತ್ತೊಮ್ಮೆ ‘ಪರಿಶೀಲಿಸಲಾಗಿದೆ, ಯಾವುದೇ ಅಡಚಣೆ ಕಂಡುಬಂದಿಲ್ಲ’ ಎಂಬ ಒಂದು ಸಾಲಿನ ಷರಾ ಬರೆದು ಮುಗಿಸಿದ್ದಾರೆ. ರಾತ್ರಿ ಹತ್ತರ ನಂತರ ಶುರುವಾಗಿ ಬೆಳಗಿನ ಜಾವಕ್ಕೆ ನಿಂತುಹೋಗುವ ಅಡಚಣೆಯನ್ನು ಹಗಲು ಹನ್ನೊಂದು ಗಂಟೆಗೆ ಬಂದು ಹುಡುಕಿದರೆ ಅದು ಹೇಗೆ ಕಂಡುಬಂದೀತು? ಸಮಯವನ್ನು ದೂರಿನ ಮೊದಲ ಸಾಲಿನಲ್ಲೇ ಬರೆದಿದ್ದೆ, ಪ್ರತಿ ಸೆಕೆಂಡಿನ ದಾಖಲೆಯನ್ನು ಲಗತ್ತಿಸಿದ್ದೆ, ನಕ್ಷೆಯ ಮೇಲೆ ಜಾಗವನ್ನು ಗುರುತು ಮಾಡಿದ್ದೆ. ಅದರಲ್ಲಿ ಒಂದನ್ನಾದರೂ ಓದಿದ್ದರೆ ಹಗಲಿನಲ್ಲಿ ಬರುತ್ತಿರಲಿಲ್ಲ.

ಬೆಂಗಳೂರಿನ ತುಮಕೂರು ರಸ್ತೆಯ ಕಡೆ ನಮ್ಮ ಮನೆ. ತಾರಸಿಯ ಮೇಲೆ ಒಂದು ಆಂಟೆನಾ, ಅದಕ್ಕೊಂದು ಉಪಗ್ರಹ ಸಂಕೇತ ಹಿಡಿಯುವ ಯು-ಬ್ಲಾಕ್ಸ್ ರಿಸೀವರ್, ಕೆಳಗೆ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್. ಉಪಗ್ರಹಗಳಿಂದ ನಿಖರ ಸಮಯವನ್ನು ಪಡೆದು ಮನೆಯ ಕಂಪ್ಯೂಟರುಗಳಿಗೆ ಹಂಚುವ ಸಣ್ಣ ವ್ಯವಸ್ಥೆ ಇದು. ಹವ್ಯಾಸಕ್ಕೆಂದು ಕಟ್ಟಿದ್ದು ನಿಜ. ಆದರೆ ಇದೇ ಸಂಕೇತವನ್ನು ಮೊಬೈಲ್ ಗೋಪುರಗಳು ಸಮಯ ಹೊಂದಿಸಿಕೊಳ್ಳಲು ಬಳಸುತ್ತವೆ, ಆಂಬುಲೆನ್ಸ್‌ಗಳು ದಾರಿಗಾಗಿ ಬಳಸುತ್ತವೆ, ಭೂಮಾಪನದವರು ಗಡಿ ಅಳೆಯಲು ಬಳಸುತ್ತಾರೆ. ನನ್ನ ತಾರಸಿಯಲ್ಲಿ ಸಂಕೇತ ಸತ್ತಿದೆ ಎಂದರೆ ಆ ಸುತ್ತಿನಲ್ಲಿ ಎಲ್ಲರಿಗೂ ಸತ್ತಿದೆ ಎಂದೇ ಅರ್ಥ.

ದೂರು ಕೊಟ್ಟ ಕಚೇರಿಯಲ್ಲಿ ನನಗೆ ಸಿಕ್ಕಿದ ಮೊದಲ ಉತ್ತರ, “ಸಾರ್, ನಿಮ್ಮ ಮಿಷನ್ನೇ ಕೆಟ್ಟಿರಬೇಕು, ಒಂದ್ಸಲ ಚೆಕ್ ಮಾಡಿಸಿ” ಎಂಬುದಾಗಿತ್ತು. ಈ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಏಕೆಂದರೆ ಉಪಕರಣ ಕೆಟ್ಟಿದೆಯೋ ಯಾರೋ ಜಾಮರ್ ಹಚ್ಚಿದ್ದಾರೋ ಎಂಬುದನ್ನು ಬೇರ್ಪಡಿಸುವ ವಿಧಾನ ಗುಟ್ಟಿನದೇನೂ ಅಲ್ಲ, ಅದನ್ನೇ ದೂರಿನಲ್ಲಿ ವಿವರವಾಗಿ ಬರೆದಿದ್ದೆ. ರಿಸೀವರ್ ತನಗೆ ಬರುವ ಒಟ್ಟು ಶಕ್ತಿಗೆ ತಕ್ಕಂತೆ ತನ್ನ ವರ್ಧನೆಯನ್ನು, ಅಂದರೆ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಪ್ರಮಾಣವನ್ನು, ತಾನೇ ಏರಿಸಿ ಇಳಿಸಿ ಮಾಡುತ್ತಿರುತ್ತದೆ ಮತ್ತು ಆ ಅಂಕಿಯನ್ನು ನಮಗೂ ಕೊಡುತ್ತದೆ. ಆಂಟೆನಾದ ತಂತಿ ಕಡಿದಿದ್ದರೆ ಒಳಗೆ ಏನೂ ಬರುವುದಿಲ್ಲವಾದ್ದರಿಂದ ವರ್ಧನೆ ಮೇಲೇರುತ್ತದೆ. ಜಾಮರ್ ಇದ್ದರೆ ಬೇಡದ ಶಕ್ತಿ ಒಳನುಗ್ಗುವುದರಿಂದ ವರ್ಧನೆ ಕೆಳಗಿಳಿಯುತ್ತದೆ, ಅದೇ ಕ್ಷಣದಲ್ಲಿ ಎಲ್ಲ ಉಪಗ್ರಹಗಳ ಸಂಕೇತದ ಗುಣಮಟ್ಟವೂ ಒಟ್ಟಿಗೆ ಕುಸಿಯುತ್ತದೆ. ನನ್ನ ದಾಖಲೆಯಲ್ಲಿ ಪ್ರತಿ ರಾತ್ರಿ ಕಾಣುವುದು ಈ ಎರಡನೆಯದು. ಇನ್ನೂ ಒಂದು ಗುರುತಿದೆ. 1575.42 ಮೆಗಾಹರ್ಟ್ಸ್‌ನಲ್ಲಿರುವ ಜಿಪಿಎಸ್ ಮತ್ತು ಯುರೋಪಿನ ಗೆಲಿಲಿಯೊ ಎರಡೂ ಹೋಗುತ್ತವೆ, 1602 ಮೆಗಾಹರ್ಟ್ಸ್‌ನ ಸುತ್ತ ಇರುವ ರಷ್ಯಾದ ಗ್ಲೊನಾಸ್ ಮಾತ್ರ ಸ್ವಲ್ಪ ಕುಂಟಿದರೂ ಉಳಿದುಕೊಳ್ಳುತ್ತದೆ. ಆಂಟೆನಾ ಕೆಟ್ಟಿದ್ದರೆ ಹೀಗೆ ಒಂದನ್ನು ಬಿಟ್ಟು ಒಂದು ಸಾಯುವುದಿಲ್ಲ. ಅಗ್ಗದ ಜಾಮರ್‌ಗಳು 1575ರ ಆಸುಪಾಸಿನಲ್ಲಷ್ಟೇ ಹಿಂದೆ ಮುಂದೆ ಸರಿದಾಡುತ್ತ ಗದ್ದಲ ಎಬ್ಬಿಸುತ್ತವೆ ಎಂಬುದರ ಲಕ್ಷಣ ಅದು.

ಈ ಸಂಕೇತ ಎಷ್ಟು ನಾಜೂಕಾದದ್ದು ಎಂಬುದು ಗೊತ್ತಿದ್ದರೆ ಬಹುಶಃ ದೂರನ್ನು ಇಷ್ಟು ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಿಂದ ಬರುವ ಜಿಪಿಎಸ್ ಸಂಕೇತ ನೆಲ ಮುಟ್ಟುವಾಗ ಸುಮಾರು ಮೈನಸ್ 128 ಡಿಬಿಎಂ (ಸಂಕೇತದ ಶಕ್ತಿಯ ಅಳತೆ) ಇರುತ್ತದೆ, ರಿಸೀವರ್‌ನ ಸ್ವಂತ ಗದ್ದಲಕ್ಕಿಂತಲೂ ಕೆಳಗೆ. ಕಾರಿನ ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಹತ್ತು ಮಿಲಿವ್ಯಾಟ್‌ನ ಒಂದು ಡಬ್ಬಿ, ನಡುವೆ ಅಡ್ಡವಿಲ್ಲದಿದ್ದರೆ, ಅರ್ಧ ಕಿಲೋಮೀಟರ್ ದೂರದಲ್ಲಿಯೂ ಅದಕ್ಕಿಂತ ಸಾವಿರಾರು ಪಟ್ಟು ಬಲವಾಗಿ ಕೇಳಿಸುತ್ತದೆ. ‘ಇದರ ಪ್ರಭಾವ ಹತ್ತು ಮೀಟರ್ ಮಾತ್ರ’ ಎಂದು ಮಾರುವವರು ಹೇಳುವುದು ಶುದ್ಧ ಸುಳ್ಳು.

ಜಾಗವನ್ನು ಹುಡುಕಿದ್ದು ಹೇಗೆಂಬುದನ್ನೂ ಹೇಳಿಬಿಡುತ್ತೇನೆ, ಊಹೆಯ ಮೇಲೆ ಯಾರನ್ನೋ ದೂರುತ್ತಿದ್ದಾನೆ ಎಂದು ಯಾರೂ ತಿಳಿಯಬಾರದು. ಬಡಾವಣೆಯ ಇಬ್ಬರು ಗೆಳೆಯರ ತಾರಸಿಗಳಲ್ಲಿಯೂ ಇಂಥದೇ ರಿಸೀವರ್ ಇರಿಸಿದೆವು. ಜಾಮರ್ ಹೊತ್ತ ವಾಹನ ಹೆದ್ದಾರಿಯಲ್ಲಿ ಸಾಗಿ ಹೋದರೆ ಮೂರೂ ಕಡೆ ಒಂದಾದ ಮೇಲೊಂದರಂತೆ ಕುಸಿತ ಕಾಣುತ್ತದೆ, ಕ್ರಮ ನೋಡಿದರೆ ನೆಲಮಂಗಲದ ಕಡೆಗೆ ಹೋಯಿತೋ ಯಶವಂತಪುರದ ಕಡೆಗೆ ಬಂತೋ ತಿಳಿಯುತ್ತದೆ. ಅಂಥವು ಹಗಲಿನಲ್ಲೂ ಹಾದುಹೋಗುತ್ತವೆ, ಅವುಗಳ ಬಗ್ಗೆ ನಾನು ದೂರು ಕೊಟ್ಟಿಲ್ಲ, ಹೋಗುವ ವಾಹನವನ್ನು ಹಿಡಿಯುವುದು ಕಷ್ಟವೆಂಬ ಅರಿವು ನನಗಿದೆ. ರಾತ್ರಿಯದು ಹಾಗಲ್ಲ. ಅದು ನಿಂತ ಜಾಗದಲ್ಲೇ ಗಂಟೆಗಟ್ಟಲೆ ಇರುತ್ತದೆ. ಎಂಜಿನ್ ನಿಲ್ಲಿಸಿದ ಮೇಲೂ ಕೆಲವು ವಾಹನಗಳ ಸಾಕೆಟ್‌ಗೆ ಬ್ಯಾಟರಿಯಿಂದ ವಿದ್ಯುತ್ ಹರಿಯುತ್ತಲೇ ಇರುವುದರಿಂದ ಡಬ್ಬಿ ಬೆಳಗಿನವರೆಗೂ ಕೂಗುತ್ತದೆ.

ನಿಂತ ಜಾಮರ್ ಅನ್ನು ಹುಡುಕಲು ಕಾಲ್ನಡಿಗೆಯೇ ಬೇಕು. ಆಂಡ್ರಾಯ್ಡ್ ಫೋನುಗಳು 2016ರ ಏಳನೆಯ ಆವೃತ್ತಿಯಿಂದೀಚೆಗೆ ಉಪಗ್ರಹ ಸಂಕೇತದ ಕಚ್ಚಾ ಅಳತೆಗಳನ್ನು ಕೊಡುತ್ತವೆ. ಫೋನನ್ನು ಎದೆಗೆ ಒತ್ತಿ ಹಿಡಿದು ನಿಧಾನವಾಗಿ ಸುತ್ತು ತಿರುಗಿದರೆ, ಜಾಮರ್ ನಮ್ಮ ಬೆನ್ನ ಹಿಂದೆ ಬಂದಾಗ ದೇಹವೇ ಅಡ್ಡವಾಗಿ ಉಪಗ್ರಹಗಳು ಸ್ವಲ್ಪ ಚೇತರಿಸಿಕೊಳ್ಳುತ್ತವೆ, ಅಲ್ಲಿಂದ ದಿಕ್ಕು ಸಿಗುತ್ತದೆ. ಮೂಲದ ಸಮೀಪಕ್ಕೆ ಹೋದಂತೆ ಈ ಉಪಾಯ ಕೈಕೊಡುತ್ತದೆ, ಎಲ್ಲ ದಿಕ್ಕಿನಲ್ಲಿಯೂ ಎಲ್ಲವೂ ಸತ್ತಿರುತ್ತದೆ. ಆಗ ಕಂಪ್ಯೂಟರಿಗೆ ಸಿಕ್ಕಿಸುವ ಆರ್‌ಟಿಎಲ್ ಎಸ್‌ಡಿಆರ್ ಎಂಬ ರೇಡಿಯೊ ಡಾಂಗಲ್‌ಗೆ, ಮುಖ್ಯವಾಗಿ ಒಂದೇ ದಿಕ್ಕಿನ ಸಂಕೇತ ಹಿಡಿಯುವ, ಮನೆಯಲ್ಲೇ ಮಾಡಿದ ಪುಟ್ಟ ಯಾಗಿ ಆಂಟೆನಾ ಜೋಡಿಸಿ, ನಡುವೆ ಸಂಕೇತ ತಗ್ಗಿಸುವ ಅಟೆನ್ಯುಯೇಟರ್ ಹಾಕಿ ಹುಡುಕಬೇಕು. ತರಂಗದ ಉದ್ದ 19 ಸೆಂಟಿಮೀಟರ್ ಆದ್ದರಿಂದ ಆಂಟೆನಾ ಕೈಚೀಲದಲ್ಲಿ ಹಿಡಿಸುವಷ್ಟೇ ಇರುತ್ತದೆ. ಗೋದಾಮುಗಳ ತಗಡಿನ ಗೋಡೆಗೆ ಬಡಿದು ತಿರುಗುವ ಪ್ರತಿಫಲನ ನಮ್ಮನ್ನು ತಪ್ಪು ದಾರಿಗೆ ಎಳೆಯುತ್ತದೆ, ಆದ್ದರಿಂದ ಒಂದೇ ಕಡೆಯಿಂದ ನೋಡಿ ತೀರ್ಮಾನಿಸದೆ ರಸ್ತೆಯ ಎರಡೂ ಬದಿಗಳಿಂದ, ಬೇರೆ ಬೇರೆ ರಾತ್ರಿಗಳಲ್ಲಿ ಅಳೆದು ಗೆರೆ ಎಳೆದೆವು. ಗೆರೆಗಳೆಲ್ಲ ಸರ್ವಿಸ್ ರಸ್ತೆಯಲ್ಲಿ ಲಾರಿಗಳು ಸಾಲಾಗಿ ನಿಲ್ಲುವ ಒಂದು ತುಂಡು ಜಾಗದಲ್ಲಿ ಸೇರಿದವು.

ಇಷ್ಟನ್ನೂ ಬರೆದು ಕೊಟ್ಟಾಗ ಬಂದ ಎರಡನೆಯ ಉತ್ತರ, “ಗಾಡಿ ನಂಬರ್ ಕೊಡಿ, ಒಳಗೆ ಜಾಮರ್ ಇರೋದಕ್ಕೆ ಪ್ರೂಫ್ ಕೊಡಿ” ಎಂಬುದು. ನಾನು ಪರರ ಲಾರಿಯ ಬಾಗಿಲು ತೆಗೆದು ನೋಡಬೇಕೇ? ಆ ಅಧಿಕಾರ ನನಗಿಲ್ಲ, ಇರಕೂಡದು ಕೂಡ. ಆ ಅಧಿಕಾರ ಇರುವವರು ನಾನು ಪುರಾವೆ ತರುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ, ಅವರು ಏಳದೆ ಪುರಾವೆ ಸಿಗುವುದಿಲ್ಲ. ಠಾಣೆಗೆ ಹೋದರೆ ಇದು ವೈರ್‌ಲೆಸ್ ವಿಷಯ, ನಮಗೆ ಬರುವುದಿಲ್ಲ ಎನ್ನುತ್ತಾರೆ. ವೈರ್‌ಲೆಸ್ ಕಡೆ ಹೋದರೆ ವಾಹನದ ವಿಷಯ ಎನ್ನುತ್ತಾರೆ. ವಾಹನದ ಕಚೇರಿಯಲ್ಲಿ ಜಾಮರ್ ಎಂದರೆ ಏನೆಂದೇ ಕೇಳಿದರು.

ಕಾನೂನಿನಲ್ಲಿ ಗೊಂದಲವಿದ್ದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಜಾಮರ್ ಮತ್ತು ಜಿಪಿಎಸ್ ಬ್ಲಾಕರ್‌ಗಳನ್ನು ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಬಳಸುವುದು ಅಕ್ರಮ, ಖಾಸಗಿಯವರು ಕೊಳ್ಳುವಂತಿಲ್ಲ, ಆನ್‌ಲೈನ್ ಸೇರಿದಂತೆ ಎಲ್ಲಿಯೂ ಜಾಹೀರಾತು ಮಾಡುವಂತಿಲ್ಲ, ಮಾರುವಂತಿಲ್ಲ ಎಂದು ದೂರಸಂಪರ್ಕ ಇಲಾಖೆ 2022ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ಹೀಗಿದ್ದೂ ಅದು ಸಾಕೆಟ್‌ವರೆಗೆ ಬಂದು ಕುಳಿತಿದೆ.

ಮಾಲೀಕ ಹಾಕಿಸಿದ ಟ್ರ್ಯಾಕರ್‌ನಿಂದ ತಪ್ಪಿಸಿಕೊಳ್ಳಲು ಜಾಮರ್ ಹಚ್ಚುವ ಚಾಲಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಊಟಕ್ಕೆ ನಿಂತರೂ ಫೋನು ಬರುವಂಥ ಮಾಲೀಕರಿದ್ದಾರೆ, ಪ್ರತಿ ನಿಮಿಷ ಎಲ್ಲಿದ್ದೀಯೆಂದು ನೋಡುತ್ತಿರುವುದು ಯಾರಿಗಾದರೂ ಉಸಿರು ಕಟ್ಟಿಸುತ್ತದೆ. ಅದಕ್ಕೆ ಮಾಲೀಕನೊಡನೆ ಜಗಳವಾಡಲಿ, ನಾನೂ ಜೊತೆಗಿರುತ್ತೇನೆ. ತನ್ನ ಲಾರಿಯೊಂದನ್ನು ಮರೆಮಾಡಲು ಇಡೀ ಬಡಾವಣೆಯ ಸಂಕೇತವನ್ನು ಮುಚ್ಚುವ ಹಕ್ಕು ಮಾತ್ರ ಚಾಲಕನಿಗಿಲ್ಲ. ನಮ್ಮ ರಾಜ್ಯದ ಟ್ಯಾಕ್ಸಿ, ಬಸ್ಸುಗಳಿಗೆ ಎಐಎಸ್ 140 ಮಾನದಂಡದಂತೆ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ ಮಾಡಿದ್ದಾರೆ. ಜಾಮರ್ ಹಚ್ಚಿದ ಜಾಗದಲ್ಲಿ ಹೆದರಿದ ಹೆಣ್ಣುಮಗಳೊಬ್ಬಳು ಗುಂಡಿ ಒತ್ತಿದರೆ ಕಂಟ್ರೋಲ್ ರೂಮಿಗೆ ಸರಿಯಾದ ಸ್ಥಳ ಹೋಗದಿರಬಹುದು ಎಂಬುದನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಬೇರೆ ಕಡೆ ಇದೇ ಕೆಲಸ ನಡೆದಿದೆ. ಅಮೆರಿಕದ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ವಿಮಾನ ಇಳಿಸಲು ನೆರವಾಗುವ ಉಪಗ್ರಹಾಧಾರಿತ ವ್ಯವಸ್ಥೆಗೆ 2012ರಲ್ಲಿ ಅಡಚಣೆಯಾದಾಗ, ಅಲ್ಲಿನ ಸಂವಹನ ಆಯೋಗದವರು ದಿಕ್ಕು ಹಿಡಿಯುವ ಉಪಕರಣದೊಂದಿಗೆ ಬಂದು, ಕಂಪನಿಯ ಟ್ರಕ್ಕಿನಲ್ಲಿ ಜಾಮರ್ ಇರಿಸಿಕೊಂಡಿದ್ದ ಒಬ್ಬ ನೌಕರನನ್ನು ಪತ್ತೆ ಹಚ್ಚಿದರು. ಮರುವರ್ಷ ಅವನಿಗೆ 31,875 ಡಾಲರ್ ದಂಡದ ನೋಟಿಸ್ ಕೊಟ್ಟರು. ಅವನೂ ಯಜಮಾನನ ಕಣ್ಣು ತಪ್ಪಿಸಲೆಂದೇ ಅದನ್ನು ಇರಿಸಿಕೊಂಡಿದ್ದವನು. ನಮ್ಮಲ್ಲಿಯೂ ಇದು ದೂರದ ಮಾತಲ್ಲ. 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ವಿಮಾನಗಳಿಗೆ ಸುಳ್ಳು ಜಿಪಿಎಸ್ ಸಂಕೇತ ತಗುಲಿದ ಪ್ರಕರಣ ದೊಡ್ಡ ಸುದ್ದಿಯಾಯಿತು, ಜಿಪಿಎಸ್ ಅಡಚಣೆಯ ವರದಿ ಬಂದ ವಿಮಾನ ನಿಲ್ದಾಣಗಳಲ್ಲಿ ಬೆಂಗಳೂರೂ ಇದೆ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಸುಳ್ಳು ಸಂಕೇತ ಕಳಿಸುವುದು ಜಾಮರ್‌ಗಿಂತ ಬೇರೆಯದೇ ವಿದ್ಯೆ, ಆದರೂ ಎರಡನ್ನೂ ಹುಡುಕಬೇಕಾದವರು ಒಬ್ಬರೇ. ಜಿಪಿಎಸ್‌ನಂಥದೇ ಭಾರತದ ಸ್ವಂತ ವ್ಯವಸ್ಥೆಯಾದ ನಾವಿಕ್ ಉಪಗ್ರಹಗಳ ಕೇಂದ್ರ ಬೆಂಗಳೂರಿನ ಹತ್ತಿರದ ನಮ್ಮ ಬ್ಯಾಲಾಳಿನಲ್ಲಿದೆ, ವಿಮಾನಗಳಿಗೆ ಜಿಪಿಎಸ್ ತಿದ್ದುಪಡಿ ಕಳಿಸುವ ಗಗನ್ ವ್ಯವಸ್ಥೆಯ ನಿಯಂತ್ರಣ ಕೇಂದ್ರ ನಗರದ ಕುಂದಲಹಳ್ಳಿಯಲ್ಲಿದೆ. ಇಷ್ಟು ಬಲ್ಲ ಜನರಿರುವ ಊರಿನಲ್ಲಿ ರಾತ್ರಿ ಹನ್ನೊಂದಕ್ಕೆ ಒಂದು ಆಂಟೆನಾ ಹಿಡಿದು ಸರ್ವಿಸ್ ರಸ್ತೆಗೆ ಬರಲು ಒಬ್ಬ ಅಧಿಕಾರಿಯೂ ಸಿಗುವುದಿಲ್ಲ ಎಂದರೆ ನಾನು ನಂಬಲಾರೆ, ಒಪ್ಪಲಾರೆ.

ನಿನ್ನೆ ರಾತ್ರಿಯೂ ಹತ್ತೂಕಾಲಿಗೆ ವರ್ಧನೆ ಇಳಿಯಿತು, ಬೆಳಗಿನ ನಾಲ್ಕೂವರೆಗೆ ಏರಿತು. ಸೋಮವಾರ ಮಾಹಿತಿ ಹಕ್ಕಿನ ಅರ್ಜಿ ಹಾಕುತ್ತಿದ್ದೇನೆ. ಪರಿಶೀಲನೆಗೆ ಬಂದವರು ಯಾರು, ಯಾವ ದಿನ ಎಷ್ಟು ಗಂಟೆಗೆ ಬಂದರು, ಯಾವ ಉಪಕರಣ ತಂದಿದ್ದರು, ಯಾವ ತರಂಗಾಂತರವನ್ನು ಎಷ್ಟು ಹೊತ್ತು ಅಳೆದರು, ಆ ಅಳತೆಯ ಪ್ರತಿ ಎಲ್ಲಿದೆ ಎಂಬ ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ. ಈ ಹೆದ್ದಾರಿಯ ಬದಿಯಲ್ಲಿ ಇಂಥ ರಿಸೀವರ್ ಇರಿಸಿಕೊಂಡಿರುವವರು ಇನ್ನಾರಾದರೂ ಇದ್ದರೆ ರಾತ್ರಿಯ ದಾಖಲೆಗಳನ್ನು ಅಳಿಸಬೇಡಿ, ಅರ್ಜಿಯ ಜೊತೆಗೆ ನಿಮ್ಮದನ್ನೂ ಲಗತ್ತಿಸುತ್ತೇನೆ.