ಇವತ್ತು ತಾರೀಕೆಷ್ಟು?

ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್ ಗೋಡೆಗೆ ಹಾಕಿದರೆ ಮನೆಗೆ ದುಡ್ಡು ಬರುತ್ತದೆ ಎಂಬುದು ಕೊರಿಯಾದವರ ನಂಬಿಕೆ. ವರ್ಷ ಮುಗಿಯುತ್ತ ಬಂದಂತೆ ಬ್ಯಾಂಕುಗಳಲ್ಲಿ ಕ್ಯಾಲೆಂಡರ್ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಸಿಗದವರು ಹಳೇ ಸಾಮಾನು ಮಾರುವ ಆ್ಯಪುಗಳಲ್ಲಿ ದುಡ್ಡು ಕೊಟ್ಟಾದರೂ ಕೊಳ್ಳುತ್ತಾರೆ. ಇಡೀ ಜಗತ್ತಿಗೆ ಫೋನು ಮಾರುವ ದೇಶದಲ್ಲಿ ಗೋಡೆ ಕ್ಯಾಲೆಂಡರಿಗೆ ಇಷ್ಟು ಗಿರಾಕಿ! ಸುವೊನ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯಲ್ಲೂ ಅಂಥದ್ದೊಂದು ನೇತಾಡುತ್ತಿತ್ತು. ದುಡ್ಡಿನ ಮಾತು ಹಾಗಿರಲಿ, ನನ್ನ ಬಾಯಿಗೆ ಬಂದ ಕೊರಿಯನ್ ಭಾಷೆಯಲ್ಲಿ ಅರ್ಧ ಆ ಕ್ಯಾಲೆಂಡರಿನದೇ ಪ್ರಸಾದ.

ಮೇಲ್ನೋಟಕ್ಕೆ ಅದು ಬಲು ಸಾಧು ಪ್ರಾಣಿ. ದಪ್ಪ ದಪ್ಪ ಅಂಕಿಗಳು. ಭಾನುವಾರ ಮತ್ತು ಹಬ್ಬಕ್ಕೆ ಕೆಂಪು, ಶನಿವಾರಕ್ಕೆ ನೀಲಿ. ರಜೆಗೆ ಜನರ ಬಾಯಲ್ಲಿರುವ ಹೆಸರೇ ‘ಪಲ್ಗಾನ್ ನಾಲ್’, ಕೆಂಪು ದಿನ. ಎರಡು ಕೆಂಪು ದಿನಗಳ ನಡುವೆ ಕಪ್ಪು ದಿನವೊಂದು ಸಿಕ್ಕಿಕೊಂಡರೆ ಅಂಥ ರಜೆಗೆ ಹೊಳೆ ದಾಟಲು ಹಾಕಿದ ಕಲ್ಲುಗಳ ಹೆಸರು. ಕಲ್ಲಿಂದ ಕಲ್ಲಿಗೆ ಹಾರುವ ಹಾಗೆ ಆ ಕಪ್ಪು ದಿನಕ್ಕೊಂದು ರಜೆ ಗೀಚಿ ದಾಟಿಬಿಡುವುದು. ಸರ್ಕಾರಿ ನೌಕರರು ಎಲ್ಲ ದೇಶದಲ್ಲೂ ಒಂದೇ ಕುಲದವರು.

ತಿಂಗಳುಗಳ ವಿಷಯದಲ್ಲಿ ಕೊರಿಯನ್ನರು ಕಲಿಯುವವರ ಮೇಲೆ ದಯೆ ತೋರಿದ್ದಾರೆ. ಜನವರಿ, ಫೆಬ್ರವರಿಗಳ ಕಾಟವಿಲ್ಲ. ಒಂದನೇ ತಿಂಗಳು, ಎರಡನೇ ತಿಂಗಳು ಎಂದು ಎಣಿಸುತ್ತ ಹೋದರಾಯಿತು. ಇಲ್, ಇ, ಸಾಮ್, ಸಾ, ಓ, ಯುಕ್, ಚಿಲ್, ಪಾಲ್, ಗು, ಶಿಪ್. ಚೀನಾದಿಂದ ಬಂದ ಈ ಹತ್ತು ಸಂಖ್ಯೆ ಕಲಿತು ಮುಂದೆ ‘ವೊಲ್’ ಅಂಟಿಸಿದರೆ ಹನ್ನೆರಡು ತಿಂಗಳೂ ಕೈವಶ. ಆದರೆ ಆರನೆಯದು ಯುಕ್‌ವೊಲ್ ಅಲ್ಲ, ಯುವೊಲ್. ಹತ್ತನೆಯದು ಶಿಪ್‌ವೊಲ್ ಅಲ್ಲ, ಶಿವೊಲ್. ಯಾಕೆ ಎಂದು ಕೇಳಿದರೆ ನಮ್ಮ ಟೀಚರ್ ‘ಹೇಳೋಕೆ ಹಗುರ ಆಗತ್ತೆ’ ಎಂದರು. ಉಳಿದ ಹತ್ತು ತಿಂಗಳು ಯಾಕೆ ಭಾರವಾಗಿಯೇ ಉಳಿದವೆಂದು ಕೇಳಲು ನನಗಾಗ ಅಷ್ಟು ಕೊರಿಯನ್ ಬರುತ್ತಿರಲಿಲ್ಲ.

ತಾರೀಕು ಬರೆಯುವ ಕ್ರಮವೂ ನಮ್ಮದಕ್ಕೆ ತಿರುಗುಮುರುಗು: ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ಹಾಲಿನ ಪೊಟ್ಟಣದ ಮೇಲೆ 25.06.07 ಎಂದಿದ್ದರೆ ಭಾರತದಿಂದ ಬಂದ ಹೊಸಬರು 2007ರ ಹಾಲೆಂದು ಹೌಹಾರಬೇಕು. ಇದೆಂಥ ತಲೆಕೆಳಗು ಲೆಕ್ಕ ಎಂದು ನಮ್ಮವರು ಗೊಣಗಿದ್ದುಂಟು. ನನಗೆ ಮಾತ್ರ ಪುರೋಹಿತರ ಸಂಕಲ್ಪ ನೆನಪಾಯಿತು. ಕಲಿಯುಗದಿಂದ ಹಿಡಿದು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿದು ವಾರಕ್ಕೆ ಬಂದು ನಿಲ್ಲುತ್ತಾರಲ್ಲ, ಅದು ಅಪ್ಪಟ ಕೊರಿಯನ್ ಕ್ರಮ! ಶಕವರ್ಷದಿಂದ ಹೊರಟು ವಾರಕ್ಕೆ ಇಳಿಯುವ ನಮ್ಮ ಹಳೆಯ ಶಿಲಾಶಾಸನಗಳದೂ ಅದೇ ದಾರಿ. ತಲೆಕೆಳಗಾದವರು ಅವರೋ ನಾವೋ, ಯೋಚಿಸಬೇಕಾದ ಸಂಗತಿ.

ವಾರದ ಹೆಸರುಗಳಂತೂ ನಮಗೆ ಬಿಟ್ಟಿ ಸಿಕ್ಕಂತೆ. ಸೋಮವಾರಕ್ಕೆ ಚಂದ್ರ, ಭಾನುವಾರಕ್ಕೆ ಸೂರ್ಯ. ಮಂಗಳವಾರ ಅವರಿಗೆ ಬೆಂಕಿಯ ವಾರ. ಮಂಗಳ ಗ್ರಹಕ್ಕೆ ಅವರು ಅನ್ನುವುದೇ ಬೆಂಕಿಯ ತಾರೆ ಎಂದು. ಬುಧ ನೀರು, ಗುರು ಮರ, ಶುಕ್ರ ಚಿನ್ನ, ಶನಿ ಮಣ್ಣು. ಗ್ರಹವೂ ಅದೇ, ಸಾಲೂ ಅದೇ. 8ನೇ ಶತಮಾನದಲ್ಲಿ ಚೀನಾದಲ್ಲಿದ್ದ ಅಮೋಘವಜ್ರ ಎಂಬ ಬೌದ್ಧ ಭಿಕ್ಷು ನಮ್ಮ ನಕ್ಷತ್ರ, ವಾರಗಳ ವಿದ್ಯೆಯನ್ನು ಚೀನೀ ಭಾಷೆಗೆ ತಂದಿದ್ದ. ಆದರೂ ಕೊರಿಯಾದ ಜನ ವಾರದ ಲೆಕ್ಕದಲ್ಲಿ ಬದುಕತೊಡಗಿದ್ದು 19ನೇ ಶತಮಾನದ ಕೊನೆಗೆ. 1896ರ ಜನವರಿ 1ರಿಂದ ಅಲ್ಲಿ ಸೌರ ಕ್ಯಾಲೆಂಡರ್ ಅಧಿಕೃತವಾಯಿತು.

ಅಂಕಿಗಳ ಮೇಲೆ ಆ ಜನಕ್ಕಿರುವ ಪ್ರೀತಿ ವಿಚಿತ್ರ. ಚರಿತ್ರೆಯ ದೊಡ್ಡ ಘಟನೆಗಳನ್ನು ಹೆಸರಿಟ್ಟು ಕರೆಯುವುದಕ್ಕಿಂತ ತಾರೀಕಿನಿಂದ ಕರೆಯುವುದೇ ಹೆಚ್ಚು. 1950ರ ಯುದ್ಧ ‘ಯುಗಿಒ’, ಅಂದರೆ ಆರು-ಎರಡು-ಐದು, ಜೂನ್ 25. 1960ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದು ಅಧ್ಯಕ್ಷರನ್ನೇ ಇಳಿಸಿದ್ದು ‘ಸಾ-ಇಲ್-ಗು’. 1980ರಲ್ಲಿ ಗ್ವಾಂಗ್ಜು ನಗರದ ಜನ ಸೇನಾ ಆಳ್ವಿಕೆಯ ವಿರುದ್ಧ ದಂಗೆಯೆದ್ದದ್ದು ‘ಓ-ಇಲ್-ಪಾಲ್’. ಸಂಖ್ಯೆ ಕಲಿತರೆ ಅರ್ಧ ಇತಿಹಾಸ ಓದಿದಂತೆ. ಅದೇ ಅಂಕಿಗಳನ್ನು ಹೊಟ್ಟೆಪಾಡಿಗೂ ಬಳಸುತ್ತಾರೆ. ಹಂದಿಮಾಂಸದ ಸಾಮ್‌ಗ್ಯೊಪ್ಸಾಲ್‌ಗೆ ಮಾರ್ಚ್ 3, ಹೆಸರಿನಲ್ಲೇ ಸಾಮ್ ಇದೆಯಲ್ಲ! ಸೌತೆಕಾಯಿಗೆ ಅವರ ಭಾಷೆಯಲ್ಲಿ ‘ಓಇ’. ಓ ಐದು, ಇ ಎರಡು, ಆದ್ದರಿಂದ ಮೇ 2 ಸೌತೆಕಾಯಿ ದಿನ. ನಮ್ಮಂಥ ಸಸ್ಯಾಹಾರಿಗಳಿಗೆ ಆಚರಿಸಲು ಅದೊಂದಾದರೂ ಸಿಕ್ಕಿತು.

ಇಷ್ಟೆಲ್ಲ ದಪ್ಪಕ್ಷರದ ವ್ಯವಹಾರ. ದಪ್ಪ ಅಂಕಿಯ ಕೆಳಗೆ, ಕನ್ನಡಕ ಹಾಕಿಕೊಂಡು ನೋಡಬೇಕಾದ ಸಣ್ಣ ಅಂಕಿಗಳೂ ಇರುತ್ತವೆ. ಅದು ಚಾಂದ್ರಮಾನದ ಲೆಕ್ಕ. ಅಲ್ಲಿಗೆ ಇಳಿದ ಮೇಲೆ ಟೀಚರ್ ಸಾಲಲಿಲ್ಲ, ಕೆಳಮನೆಯ ಹಲ್ಮೊನಿ ಬೇಕಾದರು. ಹಲ್ಮೊನಿ ಎಂದರೆ ಅಜ್ಜಿ. ನಮ್ಮ ಮನೆ ಯಜಮಾನಿ. ಅವರ ಅಡುಗೆಮನೆಯಲ್ಲಿ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್. ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಂಥ ಕಾಗದ. ಹರಿದ ಹಾಳೆಗಳನ್ನು ಎಸೆಯದೆ ಕ್ಲಿಪ್ಪಿಗೆ ಸಿಕ್ಕಿಸಿಟ್ಟು, ಹಿಂಬದಿಯಲ್ಲಿ ಸಂತೆಯ ಸಾಮಾನು ಪಟ್ಟಿ ಬರೆಯುತ್ತಿದ್ದರು.

ಹಲ್ಮೊನಿ ದಿನ ಎಣಿಸುವ ಬಗೆಯೇ ಬೇರೆ. ಅಂಗೈ ಬಿಡಿಸಿ ಹಿಡಿದು, ಮೊದಲು ಹೆಬ್ಬೆರಳು ಒಳಗೆ ಮಡಚಿ ‘ಹಾರು’. ಆಮೇಲೆ ತೋರುಬೆರಳು, ‘ಇತುಲ್’. ಸಾಹುಲ್, ನಾಹುಲ್, ಕಿರುಬೆರಳಿಗೆ ಬಂದಾಗ ದಸ್ಸೆ. ಮುಷ್ಟಿ ಮುಚ್ಚಿತು, ಐದು ದಿನವಾಯಿತು. ಕಿರುಬೆರಳು ತೆರೆದರೆ ಯೊಸ್ಸೆ, ಆರು. ಹೀಗೆ ತೆರೆಯುತ್ತ ಬಂದು ಹತ್ತಕ್ಕೆ ಅಂಗೈ ಮತ್ತೆ ಬಯಲು. ಇಲ್ಲಿ ಚೀನಾದ ಸಂಖ್ಯೆಗಳ ಸುಳಿವೇ ಇಲ್ಲ. ಹೋಗಲಿ, ಅವರ ಸ್ವಂತ ಒಂದು-ಎರಡು-ಮೂರಾದ ಹಾನಾ, ದುಲ್, ಸೆತ್ ಕೂಡ ಮುಖ ತೋರಿಸುವುದಿಲ್ಲ. ದಿನಗಳಿಗೆಂದೇ ಬೇರೆ ಮಾತುಗಳು. ಹದಿನೈದಕ್ಕೆ ಬೊರುಮ್, ಅದೇ ಹುಣ್ಣಿಮೆಗೂ ಹೆಸರು. ತಿಂಗಳ ಕಡೆಯ ದಿನಕ್ಕೆ ಗುಮುಮ್.

ಈ ಲೆಕ್ಕದಲ್ಲಿ ಸ್ವತಃ ಕೊರಿಯನ್ನರೇ ಎಡವಿದ ಪ್ರಸಂಗ ದೇಶಕ್ಕೆಲ್ಲ ಗೊತ್ತು. 2020ರಲ್ಲಿ ಆಗಸ್ಟ್ 15 ಶನಿವಾರ ಬಂದಿತ್ತು. ಅದು ಅವರ ವಿಮೋಚನೆಯ ದಿನ. ಅವರದು 1945, ನಮ್ಮದು 1947. ಸರ್ಕಾರ ಸೋಮವಾರವನ್ನೂ ರಜೆಯೆಂದು ಘೋಷಿಸಿತು. ‘ಸಾಹುಲ್ ರಜೆ’ ಎಂದು ಪತ್ರಿಕೆಗಳು ಬರೆದವು. ಶನಿ, ಭಾನು, ಸೋಮ ಮೂರೇ ಅಲ್ಲವೇ, ನಾಲ್ಕು ಎಂದು ಯಾಕೆ ಬರೆದಿದ್ದೀರಿ ಎಂದು ಜನ ತಕರಾರು ತೆಗೆದರು! ‘ಸಾ’ ಎಂದರೆ ಚೀನೀ ಲೆಕ್ಕದಲ್ಲಿ ನಾಲ್ಕು. ಸಾಹುಲ್ ಕೂಡ ನಾಲ್ಕಿರಬೇಕು ಎಂಬುದು ಅವರ ಅಂದಾಜು. ಸಾಹುಲ್ ಎಂದರೆ ಮೂರೇ ದಿನ. ಆ ದಿನ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹುಡುಕಲಾದ ಮಾತುಗಳ ಸಾಲಿಗೆ ಸಾಹುಲ್ ಏರಿತು. ಈಗಿನ ಹುಡುಗರಿಗೆ ಸ್ವಂತ ಭಾಷೆಯೇ ಬರದು ಎಂದು ಹಿರಿಯರು ತಲೆ ಚಚ್ಚಿಕೊಂಡರು. ನನಗೆ ಹುಡುಗರ ಮೇಲೆ ಸಿಟ್ಟು ಬರಲಿಲ್ಲ. ‘ಮಾರ್ಚ್ ಟ್ವೆಂಟಿಫಿಫ್ತ್, ಬಹುಳ ಏಕಾದಶಿ, ಹತ್ತೂವರೆಗೆ ಬನ್ನಿ’ ಎಂದು ಒಂದೇ ಉಸಿರಿಗೆ ಹೇಳುವ ಊರಿನಿಂದ ಬಂದವಳು ನಾನು. ಬಿದಿಗೆ, ತದಿಗೆ ಎಂದರೆ ಎಷ್ಟನೆಯ ದಿನ ಎಂದು ನಮ್ಮ ಹುಡುಗರನ್ನು ಕೇಳಿ ನೋಡಿದರಾಯಿತು.

ಗಡಿಯಾರದಲ್ಲಂತೂ ಎರಡು ಲೆಕ್ಕವೂ ಒಟ್ಟಿಗೇ ಸಂಸಾರ ಮಾಡುತ್ತವೆ. ಗಂಟೆಗೆ ಮನೆಯ ಸಂಖ್ಯೆ, ನಿಮಿಷಕ್ಕೆ ಚೀನಾದ ಸಂಖ್ಯೆ. ಮೂರು ಗಂಟೆ ಮೂರು ನಿಮಿಷ ಎನ್ನಲು ‘ಸೇ ಶಿ ಸಾಮ್ ಬುನ್’. ಮೊದಲ ಮೂರಕ್ಕೂ ಎರಡನೇ ಮೂರಕ್ಕೂ ಗುರುತು ಪರಿಚಯವೇ ಇಲ್ಲ.

ಸಣ್ಣ ಅಂಕಿಗಳ ನಿಜವಾದ ಕೆಲಸ ಶುರುವಾಗುವುದು ಹಿರಿಯರ ಹುಟ್ಟುಹಬ್ಬಕ್ಕೆ. ಹಲ್ಮೊನಿಯಂಥವರದು ಚಾಂದ್ರಮಾನದ ಹುಟ್ಟುಹಬ್ಬ; ಪ್ರತಿ ವರ್ಷ ಬೇರೆ ತಾರೀಕಿಗೆ ಬರುತ್ತದೆ. ಹೊಸ ವರ್ಷ ಬಂದೊಡನೆ ಅವರ ಮಗಳು ಬಂದು ದಪ್ಪ ಅಂಕಿಯ ಸುತ್ತ ಕೆಂಪು ಸುನ್ನೆ ಸುತ್ತಿ ಹೋಗುತ್ತಿದ್ದಳು. ನಮ್ಮಮ್ಮನ ವಿಷಯ ಹೇಳಿದೆ: ಅವಳಿಗೂ ಎರಡು ಹುಟ್ಟುಹಬ್ಬ, ಒಂದು ನಕ್ಷತ್ರದ್ದು, ಇನ್ನೊಂದು ಶಾಲೆಗೆ ಸೇರಿಸುವಾಗ ಮೇಷ್ಟ್ರು ತಾವೇ ಬರೆದುಕೊಂಡ ಜೂನ್ 1. ಹಲ್ಮೊನಿ ಚಪ್ಪಾಳೆ ತಟ್ಟಿ ನಕ್ಕರು.

ಹೊಸ ವರ್ಷವೂ ಅವರ ಕಾಲದಲ್ಲಿ ಎರಡಿತ್ತು. ಜಪಾನೀಯರ ಆಳ್ವಿಕೆಯಲ್ಲಿ ಚಾಂದ್ರಮಾನದ ಹೊಸ ವರ್ಷವನ್ನು ಹತ್ತಿಕ್ಕಿದರು. ದೇಶ ಬಿಡುಗಡೆಯಾದ ಮೇಲೂ ಬಹುಕಾಲ ಸರ್ಕಾರಿ ರಜೆ ಜನವರಿ 1ಕ್ಕೇ. ಜನ ಮಾತ್ರ ಮನೆಯಲ್ಲಿ ಹಳೆಯದನ್ನೇ ಆಚರಿಸಿದರು. 1985ರಲ್ಲಿ ‘ಜಾನಪದ ದಿನ’ ಎಂಬ ನೆಪದಲ್ಲಿ ಒಂದು ದಿನ ರಜೆ ಸಿಕ್ಕಿತು. 1989ರಲ್ಲಿ ಸೊಲ್ಲಾಲ್ ಎಂಬ ಹೆಸರೂ ಮೂರು ದಿನದ ರಜೆಯೂ ವಾಪಸು ಬಂದವು. ಸಣ್ಣಕ್ಷರದಲ್ಲಿ ಉಳಿದದ್ದು ಕೊನೆಗೂ ಕೆಂಪಕ್ಷರಕ್ಕೆ ಏರಿತು.

ಆ ಸಣ್ಣ ಅಂಕಿಗಳ ಪಕ್ಕದಲ್ಲಿ ಅಲ್ಲಲ್ಲಿ ಇನ್ನೂ ಸಣ್ಣದಾಗಿ ‘ಸೊನ್ ಇಲ್ಲದ ದಿನ’ ಎಂದು ಅಚ್ಚಾಗಿರುತ್ತದೆ. ಸೊನ್ ಒಂದು ಪೀಡೆ. ಚಾಂದ್ರಮಾನದ ಒಂದು, ಎರಡಕ್ಕೆ ಪೂರ್ವದಲ್ಲಿ. ಮೂರು, ನಾಲ್ಕಕ್ಕೆ ದಕ್ಷಿಣ. ಐದು, ಆರಕ್ಕೆ ಪಶ್ಚಿಮ. ಏಳು, ಎಂಟಕ್ಕೆ ಉತ್ತರ. ಒಂಬತ್ತು, ಹತ್ತಕ್ಕೆ ಆಕಾಶಕ್ಕೆ ಹೋಗಿಬಿಡುತ್ತದೆ. ಆಮೇಲೆ ಮತ್ತೆ ಅದೇ ಸುತ್ತು. ಅದು ಆಕಾಶದಲ್ಲಿದ್ದಾಗಲೇ ಜನ ಮನೆ ಬದಲಿಸುತ್ತಾರೆ. ಹೀಗಾಗಿ ಒಂಬತ್ತು, ಸೊನ್ನೆಯಲ್ಲಿ ಮುಗಿಯುವ ದಿನಗಳಲ್ಲಿ ಸಾಮಾನು ಸಾಗಿಸುವವರ ದರ ಹೆಚ್ಚು. ರಾಹುವಿನಿಂದ ಇಷ್ಟು ಲಾಭ ಮಾಡಿಕೊಳ್ಳುವ ಬುದ್ಧಿ ನಮ್ಮ ಲಾರಿಯವರಿಗೆ ಇನ್ನೂ ಬಂದಿಲ್ಲ.

ಇದೆಲ್ಲ ನನಗೆ ತಿಳಿದದ್ದು 2025ರ ಬೇಸಿಗೆಯಲ್ಲಿ, ನಾವೇ ಮನೆ ಬದಲಿಸಬೇಕಾಗಿ ಬಂದಾಗ. ಹಾಸನದಿಂದ ಅಮ್ಮ ಫೋನಿನಲ್ಲಿ ಕಟ್ಟಪ್ಪಣೆ ಮಾಡಿದಳು: ‘ಆಷಾಢದಲ್ಲಿ ಹೊಸ ಮನೆಗೆ ಕಾಲಿಡಬೇಡಿ. ಇಪ್ಪತ್ತೈದಕ್ಕೆ ಶ್ರಾವಣ ಹುಟ್ಟತ್ತೆ, ಆಮೇಲೆ ಹೋಗಿ.’ ಹಲ್ಮೊನಿ ತಮ್ಮ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹೇಳಿದರು: ‘ಜುಲೈ 25ರವರೆಗೆ ತಡೆಯಮ್ಮ. ಅವತ್ತಿಂದ ಯುಂದಾಲ್.’ ಯುಂದಾಲ್ ಎಂದರೆ ಅಧಿಕ ಮಾಸ. ಆ ವರ್ಷ ಅವರಿಗೆ ಆರನೇ ತಿಂಗಳು ಎರಡು ಸಲ ಬಂದಿತ್ತು. ನಮ್ಮಲ್ಲಿ ಅಧಿಕ ಮಾಸವೆಂದರೆ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಅಲ್ಲಿ ಅದು ಯಾವ ಪೀಡೆಯ ಲೆಕ್ಕಕ್ಕೂ ಸೇರದ ತಿಂಗಳು; ಏನು ಮಾಡಿದರೂ ಕೇಳುವವರಿಲ್ಲ. ಗೋರಿ ಬದಲಿಸುವುದು, ವಯಸ್ಸಾದವರಿಗೆ ಮುಂಚಿತವಾಗಿ ಶವವಸ್ತ್ರ ಹೊಲಿಸಿಡುವುದು, ಎಲ್ಲ ಆಗಲೇ. ಹೆಣವನ್ನು ತಲೆಕೆಳಗಾಗಿ ನಿಲ್ಲಿಸಿದರೂ ಯುಂದಾಲ್‌ನಲ್ಲಿ ಕೇಡಿಲ್ಲ ಎಂಬುದು ಅವರ ಗಾದೆ.

ಒಂದೇ ಅಮಾವಾಸ್ಯೆ ಕಳೆದು ಹಾಸನದಲ್ಲಿ ವ್ರತಗಳ ತಿಂಗಳು ಹುಟ್ಟಿತು, ಸುವೊನ್‌ನಲ್ಲಿ ಯಾರಿಗೂ ಸೇರದ ತಿಂಗಳು. ಅಧಿಕ ಮಾಸದ ಸುದ್ದಿಯನ್ನು ಅಮ್ಮನಿಗೆ ನಾನು ಹೇಳಲಿಲ್ಲ; ಶ್ರಾವಣದ ಸುದ್ದಿಯನ್ನು ಹಲ್ಮೊನಿಗೂ ವಿವರಿಸಲು ಹೋಗಲಿಲ್ಲ. ನಾಗರ ಪಂಚಮಿಯ ಮಾರನೇ ದಿನ, ಜುಲೈ 30, ಬುಧವಾರ ಎಂದು ಇಬ್ಬರ ಒಪ್ಪಿಗೆಯೂ ಬಿತ್ತು. ‘ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ, ಜೋಪಾನ’ ಎಂದಳು ಅಮ್ಮ. ಇಲ್ಲಿಯ ಹನ್ನೆರಡೋ ಅಲ್ಲಿಯದೋ ಎಂದು ಇವರು ಕೇಳಿದ್ದಕ್ಕೆ ‘ಸೂರ್ಯ ಎಲ್ಲಿ ನೆತ್ತಿ ಮೇಲಿರ್ತಾನೋ ಅಲ್ಲಿಯದು’ ಎಂಬ ಉತ್ತರ ಬಂತು.

ಸಾಗಣೆಯವರು ಬೆಳಿಗ್ಗೆ ಎಂಟಕ್ಕೇ ಹಾಜರು. ಹೊಸ ಮನೆಯ ಕೆಳಗೆ ಏಣಿಯ ಲಾರಿ ನಿಲ್ಲಿಸಿ, ಏಣಿಯನ್ನು ಕಿಟಕಿಯವರೆಗೆ ಚಾಚಿ, ಪೆಟ್ಟಿಗೆಗಳನ್ನು ಒಂದೊಂದಾಗಿ ಮೇಲಕ್ಕೆ ಕಳಿಸಿದರು. ಹನ್ನೆರಡು ಹೊಡೆಯಿತು. ಏಣಿ ನಿಂತಿತು. ಎಲ್ಲರೂ ಕೈಗವಸು ಬಿಚ್ಚಿ, ಎದುರಿನ ಹೋಟೆಲಿಗೆ ತಣ್ಣನೆಯ ನೂಡಲ್ಸ್ ತಿನ್ನಲು ಹೊರಟುಹೋದರು. ತಿರುಗಿ ಬರುವ ಹೊತ್ತಿಗೆ ಒಂದೂವರೆ ದಾಟಿತ್ತು. ರಾತ್ರಿ ಅಮ್ಮನಿಗೆ ಇದನ್ನು ಹೇಳಿದರೆ ಅವಳಿಗೇನೂ ಆಶ್ಚರ್ಯವಾಗಲಿಲ್ಲ. ‘ಮತ್ತೆ! ಅವರಿಗೂ ಪಂಚಾಂಗ ಗೊತ್ತಿರಲ್ವಾ?’ ಎಂದಳು.