602 ಪೌಂಡಿನ ನಗು

ಒಂಬತ್ತು ಲಕ್ಷ ಪೌಂಡ್ ಸುರಿದು, ಮೊದಲ ವಾರಾಂತ್ಯಕ್ಕೆ ಬರೀ 602 ಪೌಂಡ್ ಎತ್ತುವುದು ಎಲ್ಲರ ಕೈಲಾಗುವ ಕೆಲಸ ಅಲ್ಲ. 2013ರ ಪ್ರೇಮಿಗಳ ದಿನ ಬ್ರಿಟನ್‌ನಲ್ಲಿ ತೆರೆಕಂಡ ‘ರನ್ ಫಾರ್ ಯುವರ್ ವೈಫ್’ ಅದನ್ನು ಒಂಬತ್ತೇ ಥಿಯೇಟರ್‌ಗಳಲ್ಲಿ ಸಾಧಿಸಿ ತೋರಿಸಿತು. ಸಾವಿರದೈನೂರು ಪೌಂಡ್ ಹಾಕಿದರೆ ಒಂದು ಪೌಂಡ್ ವಾಪಸ್. ಕಾಮಿಡಿ ಚಿತ್ರ ಅಂದರು, ಲೆಕ್ಕಪತ್ರ ನೋಡಿದವರಿಗಾದರೂ ನಗು ಬಂದಿರಬೇಕು.

ಕಥೆ ಕೆಟ್ಟದ್ದಲ್ಲ, ಸ್ವಾಮಿ. ರೇ ಕೂನಿ ಬರೆದ ಇದೇ ಹೆಸರಿನ ನಾಟಕ 1983ರಿಂದ ಎಂಟು ವರ್ಷಕ್ಕೂ ಹೆಚ್ಚು ಕಾಲ ಲಂಡನ್ನಿನ ನಾಟಕಮಂದಿರಗಳ ಬಡಾವಣೆ ವೆಸ್ಟ್ ಎಂಡ್‌ನಲ್ಲಿ ಓಡಿತ್ತು. ಜಾನ್ ಸ್ಮಿತ್ ಒಬ್ಬ ಟ್ಯಾಕ್ಸಿ ಡ್ರೈವರ್. ವಿಂಬಲ್ಡನ್‌ನಲ್ಲಿ ಒಬ್ಬ ಹೆಂಡತಿ, ಸ್ಟ್ರೆಟಮ್‌ನಲ್ಲಿ ಇನ್ನೊಬ್ಬಳು. ಪಾಳಿ ಕೆಲಸ ಅಲ್ವಾ, ಯಾರಿಗೂ ಅನುಮಾನ ಇಲ್ಲ. ಒಂದು ದಿನ ತಲೆಗೆ ಪೆಟ್ಟು ಬೀಳುತ್ತದೆ. ಮಂಪರಿನಲ್ಲಿ ಆಸ್ಪತ್ರೆಗೆ ಒಂದು ವಿಳಾಸ, ಪೊಲೀಸರಿಗೆ ಇನ್ನೊಂದು ಕೊಟ್ಟುಬಿಡುತ್ತಾನೆ. ಅಲ್ಲಿಂದ ಶುರು. ಒಂದು ಸುಳ್ಳು ಮುಚ್ಚಲು ಇನ್ನೊಂದು, ಅದನ್ನು ಮುಚ್ಚಲು ಮತ್ತೊಂದು. ನಡುವೆ ಸಿಕ್ಕಿಬಿದ್ದ ಪಾಪದ ನೆರೆಮನೆಯವನು ಸ್ಟ್ಯಾನ್ಲಿ.

ನಾಟಕದಲ್ಲಿ ಅಸಲಿ ಚಮತ್ಕಾರ ಇದ್ದದ್ದು ಸೆಟ್‌ನಲ್ಲಿ. ಎರಡೂ ಮನೆಗಳು ಒಂದೇ ರಂಗದ ಮೇಲೆ, ಒಂದರೊಳಗೊಂದು. ಇಬ್ಬರು ಹೆಂಡತಿಯರು ಪಕ್ಕಪಕ್ಕದಲ್ಲೇ ಓಡಾಡುತ್ತಾರೆ, ಇಬ್ಬರೂ ಬೇರೆ ಬೇರೆ ಮನೆಯಲ್ಲಿದ್ದಾರೆ! ಒಬ್ಬಳು ಫೋನ್ ಎತ್ತಿದರೆ ಮಾರು ದೂರದಲ್ಲಿ ಇನ್ನೊಬ್ಬಳು. ನೋಡುವವನಿಗೆ ಎಲ್ಲಾ ಕಾಣುತ್ತದೆ, ಅವರಿಗೆ ಏನೂ ಕಾಣುವುದಿಲ್ಲ. ಹೊಟ್ಟೆ ಹುಣ್ಣಾಗುವ ನಗು ಹುಟ್ಟುವುದೇ ಅಲ್ಲಿ.

ಸಿನಿಮಾಗೆ ಕ್ಯಾಮೆರಾ ಸಿಕ್ಕಿತು. ಮನೆ ಬೇರೆ, ಬೀದಿ ಬೇರೆ, ಶಾಟ್ ಬೇರೆ. ಇಲ್ಲೊಂದು ಕಟ್, ಅಲ್ಲೊಂದು ಕಟ್. ದುಡ್ಡು ಕೊಟ್ಟು ಜೋಕಿನ ಮಧ್ಯೆ ಗೋಡೆ ಕಟ್ಟಿಸಿದ್ದು ಬಹುಶಃ ಇವರೇ ಮೊದಲು. ಅದೂ ನಾಟಕ ಬರೆದ ಕೂನಿಯವರೇ, ಎಂಬತ್ತರ ವಯಸ್ಸಿನಲ್ಲಿ, ಜೊತೆಗೊಬ್ಬರನ್ನು ಸೇರಿಸಿಕೊಂಡು ನಿರ್ದೇಶನ ಮಾಡಿ! ಹೊರಗಿನವರು ಕೆಡಿಸಿದರು ಅನ್ನೋ ಹಾಗೂ ಇಲ್ಲ.

ನಾಯಕ ಡ್ಯಾನಿ ಡೈಯರ್. ರೌಡಿ ಪಾತ್ರಗಳಿಗೆ ಹೆಸರಾದವರು. ಇಂಥ ಪ್ರಹಸನದ ನಾಯಕ ಮರ್ಯಾದಸ್ಥನ ಹಾಗೆ ಕಾಣಬೇಕು, ಪ್ರತಿ ಸುಳ್ಳಿಗೂ ಬೆವರಬೇಕು. ಡೈಯರ್ ಮುಖ ನೋಡಿದರೆ ಇವರಿಗೆ ಇಬ್ಬರು ಹೆಂಡತಿಯರು ಅಂದರೂ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಸಲಿಂಗಿಗಳನ್ನು ಆಡಿಕೊಳ್ಳುವ 1983ರ ಜೋಕುಗಳನ್ನೂ ಬಿಟ್ಟಿಲ್ಲ. ಬೂಷ್ಟು ಹಿಡಿದಿದ್ದರೂ ಹಾಗೇ ಬಡಿಸಿದ್ದಾರೆ.

ಆದರೆ ಅತಿಥಿ ಸತ್ಕಾರದಲ್ಲಿ ಕೊರತೆ ಇಲ್ಲ. ಬ್ರಿಟಿಷ್ ರಂಗಭೂಮಿ, ಟಿ.ವಿ.ಯ ಹತ್ತಾರು ಮಂದಿ ಹಳೇ ತಾರೆಯರು ಆರತಕ್ಷತೆಯ ಸಾಲಿನಲ್ಲಿ ಬಂದ ಹಾಗೆ ಒಬ್ಬೊಬ್ಬರೇ ಬಂದು, ಮುಖ ತೋರಿಸಿ ಇಳಿದು ಹೋಗುತ್ತಾರೆ. ಪಾಪ್ ಗಾಯಕ ಕ್ಲಿಫ್ ರಿಚರ್ಡ್ ಕೂಡ ಇದ್ದಾರೆ. ಬಾಂಡ್ ಚಿತ್ರಗಳಲ್ಲಿ ಇಡೀ ಗುಪ್ತಚರ ಸಂಸ್ಥೆಯನ್ನೇ ಆಳಿದ, ಆಸ್ಕರ್ ಗೆದ್ದ ಜೂಡಿ ಡೆಂಚ್‌ಗೆ ಬೀದಿಯಲ್ಲಿ ಚೀಲ ಹಿಡಿದು ಅಲೆಯುವ ಮುದುಕಿಯ ಪಾತ್ರ. ಆ ಚೀಲದ ಏಟೇ ನಾಯಕನ ತಲೆಗೆ ಬೀಳುವುದು. ಒಂದು ಟಿಕೆಟ್‌ಗೆ ಎಂಟು ಪೌಂಡ್ ಅಂದುಕೊಂಡರೂ ಆ ವಾರಾಂತ್ಯ ಸಿನಿಮಾ ನೋಡಿದವರು ಎಪ್ಪತ್ತೈದು ಮಂದಿ. ಅತಿಥಿಗಳೆಲ್ಲ ಕ್ಯಾಮೆರಾ ಮುಂದೆ ನಿಲ್ಲುವ ಬದಲು ಮನೆಯವರನ್ನು ಕರೆದುಕೊಂಡು ಕೌಂಟರ್ ಮುಂದೆ ನಿಂತಿದ್ದರೆ ಕಲೆಕ್ಷನ್ ಆಗಲೇ ದುಪ್ಪಟ್ಟು.

ಜಾನ್ ಸ್ಮಿತ್‌ಗೆ ಮಾತ್ರ ಅದೊಂದು ಸುವರ್ಣಾವಕಾಶವಾಗಿತ್ತು. ಮ್ಯಾಟಿನಿಗೆ ಒಬ್ಬಳು, ಸಂಜೆ ಆಟಕ್ಕೆ ಇನ್ನೊಬ್ಬಳು, ಅದೇ ಥಿಯೇಟರ್, ಅದೇ ಸೀಟು. ನೋಡಿದೆ ಅಂತ ಸಾಕ್ಷಿ ಹೇಳಲು ಒಂದು ನರಪಿಳ್ಳೆ ಇರುತ್ತಿರಲಿಲ್ಲ.