ಕೋಣೆ ಬೆಚ್ಚಗಿದ್ದರೆ ಸಾಲದು, ಮಣ್ಣು ಬೆಚ್ಚಗಿರಬೇಕು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಾರ್ಚ್ ಅಂದರೆ ಹೊರಗೆ ಇನ್ನೂ ಹಿಮ. ಮೆಣಸಿನಕಾಯಿ ಸಸಿಯನ್ನು ಇಲ್ಲಿ ನೆಲಕ್ಕೆ ನೆಡುವುದು ಮೇ ಕೊನೆಯ ಹೊತ್ತಿಗೆ. ಬೀಜ ನೆಡುವಷ್ಟು ಸಸಿಯಾಗಲು ಎಂಟು ವಾರ ಬೇಕು, ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಾರ್ಚ್ ಕೊನೆ. ಹಾಗಾಗಿ ಬೀಜ ಮನೆಯೊಳಗೇ ಮೊಳೆಯಬೇಕು. ತಡ ಮಾಡಿದರೆ ಕಾಯಿ ಹಣ್ಣಾಗುವ ಮೊದಲೇ ಚಳಿ ವಾಪಸ್ ಬರುತ್ತದೆ.

ಮೊದಲ ವರ್ಷ ನಾನು ಊರಿನ ಹಾಗೇ ಮಾಡಿದೆ. ಮಂಡ್ಯದ ಕಡೆ ನಮ್ಮ ಹಿತ್ತಲಲ್ಲಿ ಅವ್ವ ಒಂದು ಸಣ್ಣ ಪಾತಿ ಮಾಡುತ್ತಿದ್ದಳು. ಪುಡಿಯಾದ ತಿಪ್ಪೆಗೊಬ್ಬರ ಬೆರೆಸಿ, ಬದನೆ, ಮೆಣಸಿನ ಬೀಜ ಉದುರಿಸಿ, ಮೇಲೆ ಹುಲ್ಲು ಹೊದಿಸುತ್ತಿದ್ದಳು. ಬೆಳಿಗ್ಗೆ ಸಂಜೆ ಕೈಯಲ್ಲಿ ನೀರು ಚಿಮುಕಿಸೋದು. ಮೊಳಕೆ ಕಂಡ ದಿನವೇ ಹುಲ್ಲು ತೆಗೆಯೋದು. ಶಾಖದ ಬಗ್ಗೆ ಯಾರೂ ಮಾತಾಡಿದ ನೆನಪಿಲ್ಲ. ನೆಲವೇ ಬೆಚ್ಚಗಿತ್ತಲ್ಲ.

ಇಲ್ಲಿ ಕಿಟಕಿ ಪಕ್ಕ ಟ್ರೇ ಇಟ್ಟೆ. ಬೆಳಿಗ್ಗೆ ಸಂಜೆ ನೀರು ಹಾಕಿದೆ. ಮನೆಯ ಹೀಟರ್ 21 ಡಿಗ್ರಿಯಲ್ಲಿತ್ತು. ಮೂರು ವಾರ ಆದರೂ ಒಂದೂ ಮೊಳಕೆ ಇಲ್ಲ. ಕೆದಕಿ ನೋಡಿದೆ. ಬೀಜ ಮೆತ್ತಗಾಗಿತ್ತು, ಎರಡು ಬೆರಳಲ್ಲಿ ಒತ್ತಿದರೆ ನುಣ್ಣಗೆ ಹಿಸುಕಿ ಹೋಯಿತು. ಬೀಜವೇ ಸರಿಯಿಲ್ಲ ಅಂದುಕೊಂಡೆ.

ಪಕ್ಕದ ಮನೆಯ ಹಿರಿಯಾಕೆ ಬಂದು ನೋಡಿದರು. ಏನೂ ಹೇಳದೆ ಮಣ್ಣಿಗೆ ಒಂದು ಥರ್ಮಾಮೀಟರ್ ಚುಚ್ಚಿದರು. 15 ಡಿಗ್ರಿ! ಗಾಳಿ ಬೆಚ್ಚಗಿತ್ತು, ಮಣ್ಣು ತಣ್ಣಗಿತ್ತು. ಕಾರಣ ನಮಗೆಲ್ಲ ಗೊತ್ತಿರುವುದೇ: ಮಡಕೆಯಲ್ಲಿ ನೀರು ತಣ್ಣಗಾಗುವ ಹಾಗೆ, ಒದ್ದೆ ಮಣ್ಣೂ ನೀರು ಆರಿಸಿಕೊಳ್ಳುತ್ತಾ ತಣ್ಣಗಾಗುತ್ತದೆ. ಜೊತೆಗೆ ಕಿಟಕಿಯ ಗಾಜಿನ ಚಳಿ. ನಲ್ಲಿಯಲ್ಲಿ ಬರುವ ನೀರಂತೂ ಕೈ ಮರಗಟ್ಟುವಷ್ಟು ತಣ್ಣಗೆ.

15 ಡಿಗ್ರಿಯಲ್ಲಿ ಮೆಣಸಿನ ಬೀಜ ಮೊಳೆಯಲು ಮೂರೂವರೆ ವಾರ ಬೇಕು. ಅಷ್ಟರಲ್ಲಿ ಕೊಳೆಯುವುದೇ ಜಾಸ್ತಿ. 25ರಿಂದ 30 ಡಿಗ್ರಿ ಇದ್ದರೆ ಎಂಟೊಂಬತ್ತು ದಿನ ಸಾಕು. ಟೊಮೆಟೊಗೆ ವಾರವೂ ಬೇಡ. ಟ್ರೇ ಕೆಳಗೆ ಹಾಸುವ ಹೀಟ್ ಮ್ಯಾಟ್ ಮಣ್ಣನ್ನು ಕೋಣೆಗಿಂತ 5ರಿಂದ 10 ಡಿಗ್ರಿ ಮೇಲಕ್ಕೆ ಏರಿಸುತ್ತದೆ. ಹಾಗಂತ ಎಲ್ಲವನ್ನೂ ಅದರ ಮೇಲೆ ಇಡಬೇಡಿ. ಪಾಲಕ್, ಲೆಟ್ಯೂಸ್‌ಗೆ ತಂಪೇ ಇಷ್ಟ. 30 ಡಿಗ್ರಿ ದಾಟಿದರೆ ಲೆಟ್ಯೂಸ್ ಬಹುತೇಕ ಏಳುವುದೇ ಇಲ್ಲ.

ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಹುರುಳಿಕಾಳು ಮೊಳಕೆ ಕಟ್ಟೋದು ನೋಡಿಲ್ವಾ ಮಗ? ಚಳಿಗಾಲದಾಗೆ ಗಂಟನ್ನ ಒಲೆ ಪಕ್ಕ ಇಡ್ತಿರಲಿಲ್ವಾ? ನೀರು ಬಸಿದೇ ತಾನೆ ಕಟ್ಟೋದು? ಇದೂ ಅದೇ ಕಣಪ್ಪ," ಅಂದಳು. ನಿಜ. ನೀರಲ್ಲೇ ಬಿಟ್ಟ ಕಾಳು ಹುಳಿ ವಾಸನೆ ಬರುತ್ತದೆ, ಬಸಿದು ಕಟ್ಟಿದ್ದು ಮೊಳೆಯುತ್ತದೆ. ಬೀಜಕ್ಕೂ ಉಸಿರಾಡಲು ಗಾಳಿ ಬೇಕು. ನಾನು ಹಿತ್ತಲ ಪಾತಿಯನ್ನು ನೆನಪಿಟ್ಟುಕೊಂಡಿದ್ದೆ, ಅಡುಗೆಮನೆಯ ಗಂಟನ್ನು ಮರೆತಿದ್ದೆ.

ಆಮೇಲೆ ನಾಲ್ಕು ಸಲ ಬಿತ್ತಿದ್ದೇನೆ. ನನ್ನ ಅನಿಸಿಕೆ ಇಷ್ಟು. ಶಾಖದ ವಿಷಯದಲ್ಲಿ ಇಲ್ಲಿಯವರ ಅಳತೆಯೇ ಸರಿ. ನಮ್ಮ ಕೈ ಬಿಸಿಲ ನಾಡಲ್ಲಿ ಪಳಗಿದ್ದು, ಈ ಮನೆಗಳ ಒಳಗೆ ಅದರ ಅಂದಾಜು ತಪ್ಪುತ್ತದೆ. ಆದರೆ ನೀರಿನ ವಿಷಯದಲ್ಲಿ ನನಗೆ ಅವ್ವನ ಕೈ ಮೇಲೇ ನಂಬಿಕೆ. ಇಲ್ಲಿ ತುಂಬಾ ಜನ ದಿನಕ್ಕಿಷ್ಟು ಸಲ ಅಂತ ಲೆಕ್ಕ ಇಟ್ಟು ಹಾಕುತ್ತಾರೆ. ನಾನೂ ಅದನ್ನೇ ಮಾಡಿದ್ದೆ. ಅವ್ವ ದಿನಾ ಎರಡು ಸಲ ಚಿಮುಕಿಸುತ್ತಿದ್ದುದು ಬಿಸಿಲು ಅಷ್ಟನ್ನು ಕುಡಿಯುತ್ತಿದ್ದುದಕ್ಕೆ. ಮೋಡ ಕವಿದ ದಿನ ಹುಲ್ಲು ಸರಿಸಿ, ಮಣ್ಣು ಮುಟ್ಟಿ, ಸುಮ್ನೆ ಬರುತ್ತಿದ್ದಳು. ಅದನ್ನು ನಾನು ಗಮನಿಸಿರಲಿಲ್ಲ.

ಈಗ ಬಿತ್ತುವ ಮೊದಲು ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತೇನೆ. ಉಂಡೆ ನಿಲ್ಲಬೇಕು, ಒಂದೆರಡು ಹನಿಗಿಂತ ಜಾಸ್ತಿ ಇಳಿಯಬಾರದು. ಮೇಲೊಂದು ಮುಚ್ಚಳ. ಆಮೇಲೆ ಟ್ರೇ ಎತ್ತಿ ನೋಡಿ, ಹಗುರ ಅನ್ನಿಸಿದರೆ ಮಾತ್ರ ಕೆಳಗಿನ ತಟ್ಟೆಗೆ ಉಗುರು ಬೆಚ್ಚಗಿನ ನೀರು. ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದನ್ನು ಚೆಲ್ಲುತ್ತೇನೆ. ಮೇಲಿಂದ ಸುರಿದು ಮುಚ್ಚಿಟ್ಟರೆ ಬಿಳಿ ಬೂಷ್ಟು ಬರುತ್ತದೆ. ಹುಟ್ಟಿದ ಸಸಿಯೂ ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತದೆ.

ಈ ಸಲ ಒಂಬತ್ತನೇ ದಿನ ಮೊದಲ ಮೆಣಸಿನ ಮೊಳಕೆ ಬಂತು. ತಲೆ ಇನ್ನೂ ಮಣ್ಣೊಳಗೆ, ಬಗ್ಗಿದ ಬೆನ್ನು ಮಾತ್ರ ಹೊರಗೆ, ದಾರದ ಕೊಕ್ಕೆಯ ಹಾಗೆ. ಆಮೇಲೆ ಎದ್ದವುಗಳಲ್ಲಿ ಒಂದರ ಎಲೆಯ ತುದಿಗೆ ಬೀಜದ ಸಿಪ್ಪೆ ಕಚ್ಚಿಕೊಂಡಿತ್ತು. ಒಂದು ಹನಿ ನೀರು ಮುಟ್ಟಿಸಿ ಬಿಟ್ಟೆ, ಸಂಜೆಗೆ ತಾನೇ ಕಳಚಿತು. ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು.

"ಮುಚ್ಚಿದ್ದು ತೆಗೆದ್ಯಾ?" ಅಂದಳು.